ಸವತಿಕಾಯಿಯ ಬೀಜದಲ್ಲಿ ಬರೆದ ಚರಿತ್ರೆ



ಚರಿತ್ರೆ ಎಂದೊಡನೆ ನಮ್ಮ ಭಾಗದವರಿಗೆ ಬಾದಾಮಿಯ ಗುಹೆಗಳು, ಐಹೊಳೆ-ಪಟ್ಟದಕಲ್ಲಿನ ಗುಡಿಗಳು, ವಿಜಾಪುರದ ಗೋಲಗುಮ್ಮಟ ಕಣ್ಣ ಮುಂದೆ ಬರುತ್ತವೆ. ರಾಜರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು ನಾವೆಲ್ಲ. ಆದರೆ ಅದೇ ಕಾಲದಲ್ಲಿ ಹೊಲದಲ್ಲಿ ದುಡಿದವರು ಏನು ಮಾಡಿದರು, ಯಾವ ಬೀಜವನ್ನು ಉಳಿಸಿದರು, ಯಾವುದನ್ನು ಬಿಟ್ಟರು ಎಂಬ ಪ್ರಶ್ನೆಯನ್ನು ನಮ್ಮ ಪಠ್ಯಪುಸ್ತಕಗಳು ಕೇಳುವುದು ಅಪರೂಪ. ಅದಕ್ಕೆ ಉತ್ತರ ಶಿಲಾಶಾಸನದಲ್ಲಿ ಸಿಗುವುದಿಲ್ಲ, ಬೀಜದಲ್ಲಿ ಸಿಗುತ್ತದೆ. ಕಲ್ಲಿನ ಬರಹ ಸಾವಿರ ವರ್ಷ ಮಳೆ-ಬಿಸಿಲಿಗೆ ನಿಂತೀತು. ಬೀಜದ ಬರಹವಾದರೋ ಕೆಲವೇ ವರ್ಷ ಯಾರೂ ಬಿತ್ತದೆ ಬಿಟ್ಟರೆ ಅಳಿಸಿಹೋಗುತ್ತದೆ. ಈ ಮಾತನ್ನು ಅರ್ಥ ಮಾಡಿಕೊಳ್ಳಲು ನಾನು ನಿಮ್ಮ ಮುಂದೆ ಇಡುತ್ತಿರುವುದು ಒಂದು ಸಾಧಾರಣ ತರಕಾರಿಯನ್ನು. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪಿನ ಜೊತೆ ನಾವು ಬೇವೂರಿನವರು ದಿನವೂ ಕಡಿದು ತಿನ್ನುವ ಸವತಿಕಾಯಿ ಅದು.

ಹೆಸರಿನ ಗೊಂದಲ

ಪುಸ್ತಕದ ಕನ್ನಡದಲ್ಲಿ ಸೌತೆಕಾಯಿ, ನಮ್ಮ ಬಾಯಲ್ಲಿ ಸವತಿಕಾಯಿ. ಉರ್ದುವಿನಲ್ಲಿ 'ಖೀರಾ' ಎಂಬ ಶಬ್ದವೂ ಇದೆ, 'ಕಕಡಿ' ಎಂಬ ಶಬ್ದವೂ ಇದೆ. ಎರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಇವು ಎರಡು ಬೇರೆ ಬೇರೆ ಸಸ್ಯಗಳು. ಖೀರಾ ಎಂದರೆ ನಿಜವಾದ ಸವತಿ, ಸಸ್ಯಶಾಸ್ತ್ರದಲ್ಲಿ ಕುಕುಮಿಸ್ ಸಟೈವಸ್. ಉದ್ದನೆಯ, ಗೆರೆಗೆರೆಯ ಕಕಡಿ ಮಾತ್ರ ಕರಬೂಜದ ಕುಲಕ್ಕೆ ಸೇರಿದ್ದು, ಅಂದರೆ ಕುಕುಮಿಸ್ ಮೆಲೊ. ಸವತಿಯ ಪ್ರತಿ ಜೀವಕೋಶದಲ್ಲಿ 7 ಜೊತೆ ವರ್ಣತಂತುಗಳಿವೆ, ಕರಬೂಜದಲ್ಲಿ 12 ಜೊತೆ. ಅಕ್ಕಪಕ್ಕದ ಸಾಲಿನಲ್ಲಿ ಬೆಳೆದರೂ, ಒಂದೇ ಜೇನುಹುಳು ಎರಡಕ್ಕೂ ಹಾರಿದರೂ ಇವು ಪರಸ್ಪರ ಕೂಡಿ ಸಂತಾನ ಬೆಳೆಸುವುದಿಲ್ಲ.

ಇಂತಹ ಗೊಂದಲ ನಮ್ಮ ರಾಜ್ಯದಲ್ಲೇ ಇನ್ನೊಂದು ಇದೆ. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಹಗ್ಗ ಕಟ್ಟಿ ಮಾಡಿಗೆ ನೇತುಹಾಕಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ, ಸಾಂಬಾರಿಗೆ ಬಳಸುವ ಮಂಗಳೂರು ಸೌತೆಯನ್ನು ನೀವು ಕಂಡಿರಬಹುದು. ಹೆಸರು ಸೌತೆಯಾದರೂ ಕುಲದಲ್ಲಿ ಅದೂ ಕರಬೂಜವೇ. ನಮ್ಮ ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಸಣ್ಣ ಮೆಕ್ಕೆಕಾಯಿಯೂ ಅದೇ ಬಳಗ.

ಪವಿತ್ರ ಕುರ್‌ಆನಿನ ಅಲ್-ಬಕರ ಅಧ್ಯಾಯದ 61ನೆಯ ಸೂಕ್ತದಲ್ಲಿ, ಮೂಸಾ ಅಲೈಹಿಸ್ಸಲಾಮರ ಜನರು ಬೇಡಿದ ಭೂಮಿಯ ಬೆಳೆಗಳ ಸಾಲಿನಲ್ಲಿ 'ಕಿಸ್ಸಾ' ಎಂಬ ಅರಬಿ ಶಬ್ದ ಬರುತ್ತದೆ. ಉರ್ದು ಅನುವಾದಗಳಲ್ಲಿ ಇದಕ್ಕೆ 'ಕಕಡಿ' ಎಂದು ಬರೆದಿರುವುದನ್ನು ಓದಿದ್ದೇವೆ. ಪ್ರಾಚೀನ ಮೆಡಿಟರೇನಿಯನ್ ಪ್ರದೇಶದ ಚಿತ್ರ, ಗ್ರಂಥ, ಭಾಷೆಗಳನ್ನು ಪರಿಶೀಲಿಸಿದ ಇಂದಿನ ಸಸ್ಯ ಚರಿತ್ರಕಾರರು ಹೇಳುವುದೂ ಇದನ್ನೇ. ಆ ಕಾಲದ ಈಜಿಪ್ತಿನಲ್ಲಿ ಬೆಳೆಯುತ್ತಿದ್ದುದು ಕರಬೂಜ ಕುಲದ ಉದ್ದ ಕಕಡಿ. ನಿಜವಾದ ಸವತಿ ಅಲ್ಲಿಗೆ ಬಹಳ ತಡವಾಗಿ ಬಂದಿತು. ಬಂದ ಮೇಲೆ ಅದಕ್ಕೆ ಬೇರೆ ಹೆಸರು ಬೇಕಾಯಿತು. ಪಾರಸಿಯಿಂದ 'ಖಿಯಾರ್' ಎಂಬ ಶಬ್ದ ಅರಬಿಗೆ ಸೇರಿತು. ಒಂದು ಶಬ್ದವನ್ನು ಸರಿಯಾಗಿ ಓದಿದರೆ ಒಂದು ಬೆಳೆಯ ಪ್ರಯಾಣ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ತವರು ಎಲ್ಲಿ?

ಹಾಗಾದರೆ ಸವತಿ ಎಲ್ಲಿಂದ ಬಂದಿತು? ಉತ್ತರ ಕೇಳಿ ಹೆಮ್ಮೆಪಡಿ. ಅದರ ತವರು ನಮ್ಮ ಭಾರತವೇ. ಸಂಸ್ಕೃತದ ಹಳೆಯ ವೈದ್ಯಗ್ರಂಥಗಳಲ್ಲಿ ಅದನ್ನು 'ತ್ರಪುಷ' ಎಂದು ಕರೆದಿದ್ದಾರೆ. ಹಿಮಾಲಯದ ತಪ್ಪಲಿನಲ್ಲಿ ಒಂದು ಕಾಡು ಸವತಿ ಬೆಳೆಯುತ್ತದೆ. ಕಾಯಿ ಚಿಕ್ಕದು, ಬಳ್ಳಿಯ ತುಂಬ ಕವಲು, ರುಚಿ ವಿಷದಷ್ಟು ಕಹಿ. ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಜಾನ್ ಫೋರ್ಬ್ಸ್ ರಾಯ್ಲ್ 1835ರಲ್ಲಿ ಇದನ್ನು ವರ್ಣಿಸಿ 'ಹಾರ್ಡ್‌ವಿಕಿ' ಎಂದು ಹೆಸರಿಟ್ಟನು. ಈ ಕಾಡು ಬಳ್ಳಿಗೂ ನಮ್ಮ ಹೊಲದ ಸವತಿಗೂ 7 ಜೊತೆ ವರ್ಣತಂತುಗಳೇ. ಎರಡೂ ಸುಲಭವಾಗಿ ಕೂಡುತ್ತವೆ. ಮುತ್ತಜ್ಜಿ ಮತ್ತು ಮೊಮ್ಮಗಳ ಸಂಬಂಧ ಎನ್ನಿ.

ರಷ್ಯಾದ ಮಹಾನ್ ವಿಜ್ಞಾನಿ ನಿಕೊಲಾಯ್ ವಾವಿಲೋವ್ 1926ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಯಾವ ಪ್ರದೇಶದಲ್ಲಿ ಒಂದು ಬೆಳೆಯ ಬಗೆಗಳು ಅತ್ಯಂತ ಹೆಚ್ಚಾಗಿ ಕಾಣುತ್ತವೆಯೋ ಅಲ್ಲಿಯೇ ಆ ಬೆಳೆಯ ತವರನ್ನು ಹುಡುಕಬೇಕು ಎಂಬುದು ಅದರ ಸಾರ. ಸವತಿಯ ತವರನ್ನು ಅವರು ಭಾರತದಲ್ಲಿ ಗುರುತಿಸಿದರು. ಜಗತ್ತಿನ ಮೂಲೆಮೂಲೆಗಳಿಂದ ಬೀಜ ಸಂಗ್ರಹಿಸಿದ ಈ ಮನುಷ್ಯ ಸ್ಟಾಲಿನ್ ಕಾಲದ ಸೆರೆಮನೆಯಲ್ಲಿ 1943ರಲ್ಲಿ ತೀರಿಕೊಂಡರು ಎಂಬುದು ವಿಜ್ಞಾನದ ಚರಿತ್ರೆಯ ಕಣ್ಣೀರಿನ ಪುಟ.

ವಾವಿಲೋವರ ಊಹೆಯನ್ನು ಇತ್ತೀಚಿನ ಸಂಶೋಧನೆ ದೃಢಪಡಿಸಿದೆ. 2009ರಲ್ಲಿ ಚೀನಾದ ವಿಜ್ಞಾನಿಗಳ ನೇತೃತ್ವದಲ್ಲಿ ಸವತಿಯ ಇಡೀ ವಂಶವಾಹಿ ನಕ್ಷೆ ಪ್ರಕಟವಾಯಿತು. ನಂತರ 2013ರಲ್ಲಿ ಜಗತ್ತಿನ 115 ಸವತಿ ತಳಿಗಳ ನಕ್ಷೆಗಳನ್ನು ಹೋಲಿಸಿದರು. ಅವು ನಾಲ್ಕು ಗುಂಪುಗಳಾಗಿ ಬೇರ್ಪಟ್ಟವು: ಭಾರತದ್ದು, ಯುರೋಪ್ ಮತ್ತು ಮಧ್ಯ-ಪಶ್ಚಿಮ ಏಷ್ಯಾದ್ದು, ಪೂರ್ವ ಏಷ್ಯಾದ್ದು, ಚೀನಾದ ಯುನ್ನಾನ್ ಪ್ರಾಂತ್ಯದ ಶಿಶ್ವಾಂಗ್‌ಬನ್ನಾ ಪ್ರದೇಶದ್ದು. ಉಳಿದ ಮೂರಕ್ಕಿಂತ ಭಾರತದ ಗುಂಪಿನಲ್ಲಿ ಆನುವಂಶಿಕ ವೈವಿಧ್ಯ ಬಹಳ ಹೆಚ್ಚು ಎಂದು ಕಂಡುಬಂದಿತು. ಕಾರಣ ಸರಳ. ತವರಿನಿಂದ ಹೊರಟ ವ್ಯಾಪಾರಿ ಅಥವಾ ಪ್ರಯಾಣಿಕ ಒಂದು ಮುಷ್ಟಿ ಬೀಜ ಮಾತ್ರ ಒಯ್ಯುತ್ತಾನೆ. ಆ ಮುಷ್ಟಿಯಲ್ಲಿ ಇದ್ದಷ್ಟು ಗುಣಗಳು ಮಾತ್ರ ಹೊಸ ದೇಶಕ್ಕೆ ಹೋಗುತ್ತವೆ. ಉಳಿದದ್ದೆಲ್ಲ ತವರಿನಲ್ಲೇ ಉಳಿಯುತ್ತದೆ.

ಹೀಗೆ ಹೊರಟ ಬೀಜ ಪೂರ್ವಕ್ಕೆ ಚೀನಾ ತಲುಪಿತು. ಅಲ್ಲಿಯವರು ಅದನ್ನು ಮೊದಲು 'ಹುಗುವಾ', ಅಂದರೆ ಪರದೇಶದ ಕಾಯಿ ಎಂದೇ ಕರೆದರು. ಪಶ್ಚಿಮಕ್ಕೆ ಎರಡು ದಾರಿ. ಒಂದು, ಪರ್ಷಿಯಾದಿಂದ ಭೂಮಾರ್ಗವಾಗಿ ಪೂರ್ವ ಯುರೋಪಿಗೆ. ಇನ್ನೊಂದು, ಅರಬರ ಕೈಯಿಂದ ಸಮುದ್ರಮಾರ್ಗವಾಗಿ ಸ್ಪೇನಿನ ಅಂದಲೂಸಿಯಾಕ್ಕೆ. ಅಂದಲೂಸಿಯಾದ ತೋಟಗಾರರು ಕಟ್ಟಿದ ನೀರಾವರಿ ಮತ್ತು ಕೃಷಿ ಗ್ರಂಥಗಳ ಪರಂಪರೆಯನ್ನು ಯುರೋಪಿನ ಇತಿಹಾಸಕಾರರೇ ಗೌರವದಿಂದ ಸ್ಮರಿಸುತ್ತಾರೆ.

ಕಹಿ ಹೋದದ್ದು ಹೇಗೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾಡು ಸವತಿ ಕಹಿ, ನಮ್ಮ ಸವತಿ ಸಿಹಿನೀರಿನಂತೆ ತಂಪು. ಈ ಬದಲಾವಣೆ ಯಾರು ಮಾಡಿದರು?

ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ರಾಸಾಯನಿಕ. ಬಳ್ಳಿ ಅದನ್ನು ತನ್ನ ರಕ್ಷಣೆಗೆ ತಯಾರಿಸುತ್ತದೆ. ಕಹಿ ಎಲೆಯನ್ನು ಬಹಳಷ್ಟು ಹುಳಗಳು ತಿನ್ನುವುದಿಲ್ಲ. 2014ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಒಂದು ಕುತೂಹಲದ ಸಂಗತಿ ತಿಳಿಯಿತು. ಎಲೆಯ ಕಹಿಗೆ ಒಂದು ನಿಯಂತ್ರಕ ವಂಶವಾಹಿ ಇದೆ, ಕಾಯಿಯ ಕಹಿಗೆ ಬೇರೆಯೇ ಒಂದಿದೆ. ಮನುಷ್ಯರು ಸಾವಿರಾರು ವರ್ಷ ಕಾಯಿಯ ರುಚಿ ನೋಡಿ ಬೀಜ ಆರಿಸಿದ್ದರಿಂದ ಕಾಯಿಯ ನಿಯಂತ್ರಕ ಸುಮ್ಮನಾಯಿತು, ಎಲೆಯದು ಉಳಿಯಿತು. ಅಂದರೆ ಬಳ್ಳಿಗೆ ತನ್ನ ಗುರಾಣಿಯೂ ಉಳಿಯಿತು, ನಮಗೆ ತಿನ್ನಲು ಕಾಯಿಯೂ ದಕ್ಕಿತು. ಯಾವ ಪ್ರಯೋಗಾಲಯವೂ ಇಲ್ಲದ ಕಾಲದಲ್ಲಿ ನಡೆದ ಈ ಕೆಲಸಕ್ಕೆ ಏನೆನ್ನೋಣ! 2013ರ ಅಧ್ಯಯನ ಸವತಿಯ ನಕ್ಷೆಯಲ್ಲಿ ಮನುಷ್ಯನ ಆಯ್ಕೆಯ ಗುರುತು ಬಿದ್ದಂತೆ ಕಾಣುವ 112 ಜಾಗಗಳನ್ನು ಪತ್ತೆ ಮಾಡಿತು. ಕಾಯಿಯ ಕಹಿಯ ಜಾಗ ಅವುಗಳಲ್ಲಿ ಒಂದು.

ನಮ್ಮ ಮನೆಗಳಲ್ಲಿ ಈಗಲೂ ಸವತಿಯ ತೊಟ್ಟಿನ ತುದಿ ಕತ್ತರಿಸಿ, ಆ ತುಂಡಿನಿಂದಲೇ ಉಜ್ಜಿ ನೊರೆ ತೆಗೆಯುತ್ತೇವಲ್ಲವೇ? ಕಹಿ ಉಳಿದಿದ್ದರೆ ಅದು ತೊಟ್ಟಿನ ಕಡೆಗೇ ಹೆಚ್ಚು ಎಂಬ ಹಳೆಯ ಅನುಭವ ಈ ಪದ್ಧತಿಯ ಹಿಂದಿದೆ. ನೀರಿನ ಕೊರತೆ, ವಿಪರೀತ ಬಿಸಿಲು ಅಥವಾ ಚಳಿಯಿಂದ ಬಳ್ಳಿ ಸಂಕಟಕ್ಕೆ ಸಿಕ್ಕಾಗ ಕೆಲವು ತಳಿಗಳಲ್ಲಿ ಮಲಗಿದ್ದ ಕಹಿ ಮತ್ತೆ ಏಳುವುದುಂಟು.

ಬೀಜಕ್ಕೆ ಬಿಟ್ಟ ಕಾಯಿ

ನಮ್ಮ ಭಾಗದಲ್ಲಿ ಸವತಿಯನ್ನು ಸಜ್ಜೆ, ಜೋಳದ ಹೊಲದಲ್ಲಿ ಅಕ್ಕಡಿ ಬೆಳೆಯಾಗಿ ಹಾಕುವ ರೂಢಿ ಇತ್ತು. ಮನೆಯ ಹೆಣ್ಣುಮಕ್ಕಳು ಒಳ್ಳೆಯ ಒಂದೆರಡು ಕಾಯಿಯನ್ನು ಬೀಜಕ್ಕೆ ಎಂದು ಬಿಡುತ್ತಿದ್ದರು. ಅದು ಬಳ್ಳಿಯಲ್ಲೇ ಹಣ್ಣಾಗಿ, ಹಳದಿಯೋ ಕಂದೋ ಬಣ್ಣಕ್ಕೆ ತಿರುಗಿ, ಮೇಲೆ ಬಲೆಯಂತಹ ಗೀರು ಮೂಡಿದ ಮೇಲೆ ಕಿತ್ತು ತರುವುದು. ತಿರುಳು ಸಮೇತ ಬೀಜವನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ಬೂದಿಯಲ್ಲಿ ಹೊರಳಿಸಿ ನೆರಳಲ್ಲಿ ಒಣಗಿಸುವುದು. ಈ ಕೆಲಸಕ್ಕೆ ಇಂದಿನ ವಿಜ್ಞಾನದಲ್ಲಿ ಹೆಸರು 'ಆಯ್ಕೆ'. ಮಾಡಿದವರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿಲ್ಲ.

ಆದರೆ ಮನೆಯ ಆಯ್ಕೆಗೂ ತಳಿ ವಿಜ್ಞಾನಿಯ ಆಯ್ಕೆಗೂ ಒಂದು ವ್ಯತ್ಯಾಸವಿದೆ. ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮನೆಯಲ್ಲಿ ನಾವು ಕಾಯಿಯನ್ನು ಆರಿಸುತ್ತೇವೆ, ವಿಜ್ಞಾನಿ ಬಳ್ಳಿಯನ್ನು ಆರಿಸುತ್ತಾನೆ. ಒಂದು ಕಾಯಿ ದಪ್ಪಗಾಗಲು ಬೀಜದ ಗುಣ ಕಾರಣವಿರಬಹುದು, ಇಲ್ಲವೇ ಆ ಬಳ್ಳಿಯ ಬುಡಕ್ಕೆ ತಿಪ್ಪೆಗೊಬ್ಬರ ಹೆಚ್ಚು ಬಿದ್ದದ್ದೂ ಇರಬಹುದು. ಗೊಬ್ಬರದಿಂದ ಬಂದ ದಪ್ಪ ಮಕ್ಕಳಿಗೆ ದಾಟುವುದಿಲ್ಲ, ಬೀಜದಿಂದ ಬಂದದ್ದು ದಾಟುತ್ತದೆ. ಕಾಣುವ ವ್ಯತ್ಯಾಸದಲ್ಲಿ ಎಷ್ಟು ಭಾಗ ಬೀಜದ್ದು, ಎಷ್ಟು ಭಾಗ ಭೂಮಿ-ನೀರಿನದು ಎಂದು ಲೆಕ್ಕ ಹಾಕುವುದಕ್ಕೆ 'ಅನುವಂಶೀಯತೆ'ಯ ಅಳತೆ ಎನ್ನುತ್ತಾರೆ. ಅದಕ್ಕಾಗಿಯೇ ಒಂದೇ ತಳಿಯನ್ನು ಹೊಲದ ಬೇರೆ ಬೇರೆ ಕಡೆ ಮೂರು ನಾಲ್ಕು ಸಲ ಬಿತ್ತಿ, ಮೊದಲ ಹೆಣ್ಣು ಹೂವು ಎಷ್ಟನೆಯ ಗೆಣ್ಣಿನಲ್ಲಿ ಬಂದಿತು, ಬಳ್ಳಿಗೆ ಎಷ್ಟು ಕಾಯಿ, ಕಾಯಿಯ ತೂಕವೆಷ್ಟು ಎಂದು ಬರೆದುಕೊಳ್ಳುತ್ತಾರೆ.

ಇನ್ನೊಂದು ತೊಡಕು ಉಂಟು. ಸವತಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಇರುವುದರಿಂದ ಚಿಕ್ಕ ಮಕ್ಕಳೂ ಗುರುತಿಸಬಲ್ಲರು. ಪರಾಗವನ್ನು ಒಯ್ಯುವುದು ಜೇನು. ಕಾಯಿಯ ರುಚಿ, ಸಿಪ್ಪೆ ಎಲ್ಲವೂ ತಾಯಿ ಬಳ್ಳಿಯದು. ಒಳಗಿನ ಬೀಜದಲ್ಲಿ ಮಾತ್ರ ಅರ್ಧ ತಂದೆಯದು, ಆ ತಂದೆ ಪಕ್ಕದ ಹೊಲದವನೂ ಆಗಿರಬಹುದು! ಆದ್ದರಿಂದಲೇ ಒಳ್ಳೆಯ ಕಾಯಿಯ ಬೀಜ ಹಾಕಿದರೂ ಮುಂದಿನ ವರ್ಷ ಬೇರೆ ಬಗೆ ಬರುವುದುಂಟು. ಬೀಜೋತ್ಪಾದನೆಯ ನಿಯಮಗಳು ಒಂದು ಸವತಿ ತಳಿಗೂ ಇನ್ನೊಂದಕ್ಕೂ ಅರ್ಧದಿಂದ ಒಂದು ಕಿಲೋಮೀಟರ್ ಅಂತರ ಕೇಳುವುದು ಈ ಕಾರಣಕ್ಕೆ.

ಮೆಂಡಲ್ ಬಟಾಣಿ ಬಿಟ್ಟು ಸವತಿ ಹಾಕಿದ್ದರೆ?

ಹತ್ತನೆಯ ತರಗತಿಯ ಮಕ್ಕಳಿಗೆ ಮೆಂಡಲ್‌ನ ಬಟಾಣಿ ಪ್ರಯೋಗ ಗೊತ್ತು. ಅದು ಪ್ರಕಟವಾದದ್ದು 1866ರಲ್ಲಿ, ಜಗತ್ತು ಅದನ್ನು ಮತ್ತೆ ಕಂಡುಕೊಂಡದ್ದು 1900ರಲ್ಲಿ. ಅದೇ ಪಾಠವನ್ನು ಸವತಿಯಲ್ಲಿ ನೋಡಬಹುದು. ಎಳೆಯ ಸವತಿಯ ಮೈಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಕೆಲವು ತಳಿಯಲ್ಲಿ ಕಪ್ಪು, ಕೆಲವದರಲ್ಲಿ ಬಿಳಿ. ಶುದ್ಧ ಕಪ್ಪು ಮುಳ್ಳಿನ ಬಳ್ಳಿಗೂ ಬಿಳಿ ಮುಳ್ಳಿನ ಬಳ್ಳಿಗೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಕಪ್ಪು ಮುಳ್ಳು. ಏಕೆಂದರೆ ಕಪ್ಪು ಪ್ರಬಲ ಗುಣ. ಆ ಪೀಳಿಗೆಯ ಬೀಜವನ್ನು ಬಿತ್ತಿ 80 ಬಳ್ಳಿ ಬೆಳೆದರೆ, ಸುಮಾರು 60ರಲ್ಲಿ ಕಪ್ಪು, 20ರಲ್ಲಿ ಬಿಳಿ ಮುಳ್ಳು ನಿರೀಕ್ಷಿಸಬಹುದು. ಅದೇ ಮೂರಕ್ಕೆ ಒಂದರ ಲೆಕ್ಕ.

ಮುಳ್ಳಿನ ಬಣ್ಣದಿಂದ ರೈತನಿಗೆ ಏನು ಪ್ರಯೋಜನ ಎಂದು ಕೇಳಬಹುದು. ಸಾಮಾನ್ಯವಾಗಿ ಕಪ್ಪು ಮುಳ್ಳಿನ ಕಾಯಿಗಳು ಬಲಿತಾಗ ಕಿತ್ತಳೆ-ಕಂದು ಬಣ್ಣಕ್ಕೆ ತಿರುಗುತ್ತವೆ, ಬಿಳಿ ಮುಳ್ಳಿನವು ತಿಳಿಯಾಗಿಯೇ ಉಳಿಯುತ್ತವೆ. ಕೊಯ್ಲು ಎರಡು ದಿನ ತಡವಾದರೆ, ಸಂತೆಯಲ್ಲಿ ಕಂದಿದ ಕಾಯಿಯನ್ನು ಕೊಳ್ಳುವವರಿಲ್ಲ. ಒಂದು ಗುಣದ ಬೆನ್ನಿಗೆ ಇನ್ನೊಂದು ಗುಣ ಅಂಟಿಕೊಂಡು ಬರುವುದು ತಳಿ ಅಭಿವೃದ್ಧಿಯಲ್ಲಿ ಸಾಮಾನ್ಯ. ಬೇಕಾದದ್ದನ್ನು ಹಿಡಿದು ಬೇಡವಾದದ್ದನ್ನು ಬಿಡಿಸುವುದೇ ವಿಜ್ಞಾನಿಯ ತಾಳ್ಮೆಯ ಪರೀಕ್ಷೆ.

197087 ಮತ್ತು 197088

ಈಗ ನಿಮಗೆ ಎರಡು ಸಂಖ್ಯೆಗಳ ಕಥೆ ಹೇಳಬೇಕು. ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಇದೇ.

ಅಮೆರಿಕದ ಕೃಷಿ ಇಲಾಖೆ 1898ರಿಂದ ಹೊರದೇಶಗಳಿಂದ ಬಂದ ಪ್ರತಿಯೊಂದು ಬೀಜದ ಮಾದರಿಗೂ ಒಂದು ಕ್ರಮಸಂಖ್ಯೆ ಕೊಟ್ಟು ದಫ್ತರಿನಲ್ಲಿ ಬರೆದಿಡುತ್ತಾ ಬಂದಿದೆ. ಭಾರತದಿಂದ ಹೋದ ಒಂದು ಸವತಿ ಬೀಜಕ್ಕೆ ಸಿಕ್ಕ ಸಂಖ್ಯೆ ಪಿ.ಐ. 197087. ಆ ದಿನಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಸವತಿ ಬೆಳೆಯನ್ನು ಬೂಜು ತುಪ್ಪಟ ರೋಗ ಹಾಳುಮಾಡುತ್ತಿತ್ತು. ಎಲೆಯ ಮೇಲೆ ಹಳದಿ ಚುಕ್ಕೆ ಬಿದ್ದು, ಕೆಳಗೆ ಬೂಜು ಕಟ್ಟಿ, ಕೆಲವೇ ದಿನಗಳಲ್ಲಿ ಬಳ್ಳಿ ಒಣಗುವ ರೋಗ ಇದು. 1954ರಲ್ಲಿ ದಕ್ಷಿಣ ಕೆರೊಲಿನಾದ ಬಾರ್ನ್ಸ್ ಮತ್ತು ಎಪ್ಸ್ ಎಂಬ ಸಂಶೋಧಕರು, ಭಾರತದ 197087ರಲ್ಲಿ ಈ ರೋಗವನ್ನು ತಡೆಯುವ ಹೊಸ ಬಗೆಯ ಶಕ್ತಿ ಇದೆ ಎಂದು ವರದಿ ಮಾಡಿದರು. ಆ ಗುಣವನ್ನು ಅಮೆರಿಕದ ತಳಿಗಳಿಗೆ ಸೇರಿಸುತ್ತಾ ಹೋಗಿ, 1966ರಲ್ಲಿ 'ಪಾಯಿನ್ಸೆಟ್' ಎಂಬ ತಳಿಯನ್ನು ಬಿಡುಗಡೆ ಮಾಡಿದರು.

ಮುಂದೇನಾಯಿತು ಗೊತ್ತೇ? ಅದೇ ಪಾಯಿನ್ಸೆಟ್ ನಮ್ಮ ದೇಶಕ್ಕೆ ಬಂದಿತು. 1963ರಲ್ಲಿ ಸ್ಥಾಪನೆಯಾಗಿದ್ದ ರಾಷ್ಟ್ರೀಯ ಬೀಜ ನಿಗಮದ ಮೂಲಕ 'ಪಾಯಿನ್ಸೆಟ್ಟೆ' ಎಂಬ ಹೆಸರಿನಲ್ಲಿ ನಮ್ಮ ರೈತರ ಕೈ ಸೇರಿತು. ನಮ್ಮ ಮಣ್ಣಿನ ಗುಣ ಕಡಲು ದಾಟಿ ಹೋಗಿ, ಹೊಸ ಹೆಸರು ಪಡೆದು, ಪೊಟ್ಟಣದಲ್ಲಿ ಕುಳಿತು ತವರಿಗೆ ಮರಳಿತು. ಕೊಂಡವರಲ್ಲಿ ಎಷ್ಟು ಮಂದಿಗೆ ಇದು ತಮ್ಮದೇ ನೆಲದ ಬಳುವಳಿ ಎಂದು ತಿಳಿದಿತ್ತೋ!

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸುಮಾರು ನಾಲ್ಕು ದಶಕ ಆ ಒಂದು ಬೀಜದ ಶಕ್ತಿಯ ಮೇಲೆಯೇ ಅಮೆರಿಕದ ಸವತಿ ಕೃಷಿ ನಿಂತಿತ್ತು. 2004ರಲ್ಲಿ ಬೂಜು ರೋಗಾಣುವಿನ ಹೊಸ ಬಗೆಯೊಂದು ಪೂರ್ವ ರಾಜ್ಯಗಳಲ್ಲಿ ಕಾಣಿಸಿಕೊಂಡು ಆ ರಕ್ಷಣೆಯನ್ನು ಮುರಿಯಿತು. ಮತ್ತೆ ಬೀಜ ಸಂಗ್ರಹದ ಬಾಗಿಲು ತೆರೆಯಬೇಕಾಯಿತು. ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಹೊಲದಲ್ಲಿ ಬಿತ್ತಿ ಪರೀಕ್ಷಿಸಿದಾಗ ಹೊಸ ರೋಗಕ್ಕೂ ಜಗ್ಗದೆ ನಿಂತವುಗಳಲ್ಲಿ ಒಂದು ಪಿ.ಐ. 197088. ಗಮನಿಸಿದಿರಾ? ಅದೇ ದಫ್ತರಿನ ಮರುಸಂಖ್ಯೆ, ಅದೂ ಭಾರತದ್ದೇ! ಮೊದಲನೆಯದು ಸಿಕ್ಕ ಮೇಲೆ ಎರಡನೆಯದು ಬೇಡವೆಂದು ಯಾರಾದರೂ ಎಸೆದಿದ್ದರೆ 2004ರ ನಂತರ ಹುಡುಕಲು ಅದು ಇರುತ್ತಿರಲಿಲ್ಲ.

ಈ ಎರಡು ಸಂಖ್ಯೆಗಳಲ್ಲಿ ಆನುವಂಶಿಕ ವೈವಿಧ್ಯದ ಇಡೀ ಪಾಠ ಅಡಗಿದೆ. ಇಂದು ಉಪಯೋಗವಿಲ್ಲದ್ದು ಎಂದು ಕಾಣುವ ಬೀಜ ನಾಳೆ ಬರುವ ರೋಗಕ್ಕೆ ಮದ್ದಾಗಬಹುದು. ನಾಳೆಯ ರೋಗ ಯಾವುದು ಎಂದು ಇಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಉಳಿಸುವುದೊಂದೇ ದಾರಿ.

ಹೆಣ್ಣು ಹೂವಿನ ಬಳ್ಳಿಯೂ ಸಂಕರ ಬೀಜವೂ

ಸವತಿಯಲ್ಲಿ ಗಂಡು ಹೂವು ಹೆಚ್ಚು, ಹೆಣ್ಣು ಹೂವು ಕಡಿಮೆ. ಕಾಯಿ ಬಿಡುವುದು ಹೆಣ್ಣು ಹೂವಿನಲ್ಲಿ ಮಾತ್ರ. ಕೊರಿಯಾದಿಂದ ಬಂದ ಪಿ.ಐ. 220860 ಎಂಬ ಮಾದರಿಯಲ್ಲಿ ಬರೀ ಹೆಣ್ಣು ಹೂವು ಬಿಡುವ ಗುಣ ಕಂಡುಬಂದಿತು. ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ಪೀಟರ್ಸನ್ ಅದನ್ನು ಹಿಡಿದು ಕೆಲಸ ಮಾಡಿದರು. ಆದರೆ ಗಂಡು ಹೂವೇ ಇಲ್ಲದ ಬಳ್ಳಿಯ ವಂಶ ಬೆಳೆಸುವುದು ಹೇಗೆ? ಜಿಬ್ಬರೆಲಿನ್ ಎಂಬ ಸಸ್ಯ ಪ್ರಚೋದಕವನ್ನು ಸಿಂಪಡಿಸಿದರೆ ಹೆಣ್ಣು ಬಳ್ಳಿಯಲ್ಲೂ ಗಂಡು ಹೂವು ಬರುತ್ತದೆ ಎಂದು 1960ರಲ್ಲಿ ಅವರ ತಂಡ ತೋರಿಸಿಕೊಟ್ಟಿತು. ಅಲ್ಲಿಂದ ಸಂಕರ ಸವತಿ ಬೀಜದ ಉತ್ಪಾದನೆ ಸುಲಭವಾಯಿತು.

ನಮ್ಮಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕುಲ್ಲು ಕಣಿವೆಯ ಕತ್ರಾಯಿನ್ ಕೇಂದ್ರದಲ್ಲಿ ಜಪಾನಿನ ಹೆಣ್ಣುಹೂವಿನ ತಳಿಯನ್ನು 'ಗ್ರೀನ್ ಲಾಂಗ್ ನೇಪಲ್ಸ್' ಜೊತೆ ಕೂಡಿಸಿ 'ಪೂಸಾ ಸಂಯೋಗ' ಎಂಬ ಸಂಕರ ತಳಿ ತಂದರು. ಕರ್ನಾಟಕದ ಪಾತ್ರವೂ ಕಡಿಮೆಯಲ್ಲ. ಡಾ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿ, 1973ರಲ್ಲಿ 'ಕರ್ನಾಟಕ' ಎಂಬ ಟೊಮೆಟೊ, 'ಭಾರತ್' ಎಂಬ ದಪ್ಪ ಮೆಣಸಿನಕಾಯಿಯ ಸಂಕರ ತಳಿಗಳನ್ನು ಮಾರುಕಟ್ಟೆಗೆ ತಂದರು. 1967ರಲ್ಲಿ ಸ್ಥಾಪನೆಯಾದ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ' ಹೆಸರಿನ ತಳಿಗಳು ನಿಮಗೆ ಪರಿಚಿತವೇ. ನಮ್ಮ ನೆರೆಯ ರಾಣೆಬೆನ್ನೂರು ಸಂಕರ ತರಕಾರಿ ಬೀಜೋತ್ಪಾದನೆಗೆ ದೇಶದಲ್ಲೇ ಹೆಸರಾಯಿತು.

ಸಂಕರ ಬೀಜದ ಲಾಭ ಯಾರೂ ಅಲ್ಲಗಳೆಯುವಂತಿಲ್ಲ. ಇಳುವರಿ ಹೆಚ್ಚು, ಕಾಯಿಗಳು ಒಂದೇ ಅಳತೆ. ಆದರೆ ಮೇಲೆ ಹೇಳಿದ ಮುಳ್ಳಿನ ಲೆಕ್ಕ ನೆನಪಿಸಿಕೊಳ್ಳಿ. ಸಂಕರ ಬಳ್ಳಿಯ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ಮರುಪೀಳಿಗೆಯಲ್ಲಿ ಗುಣಗಳು ಚೆದರುತ್ತವೆ. ಪ್ರತಿ ವರ್ಷ ಹೊಸ ಪೊಟ್ಟಣ ಕೊಳ್ಳಲೇಬೇಕು. ಪೊಟ್ಟಣ ಮನೆಗೆ ಬಂದ ವರ್ಷ ಬೂದಿಯಲ್ಲಿಟ್ಟ ಬೀಜ ಮೂಲೆ ಸೇರುತ್ತದೆ. ನಾಲ್ಕೈದು ವರ್ಷ ಕಳೆದರೆ ಅದು ಮೊಳೆಯುವುದಿಲ್ಲ. ಯಾರ ತಪ್ಪೂ ಇಲ್ಲದೆ, ಯಾರಿಗೂ ಗೊತ್ತಾಗದೆ ಒಂದು ತಳಿ ತೀರಿಹೋಗುತ್ತದೆ.

ಮಿಡಿಸೌತೆಯ ವ್ಯಾಪಾರ

ಸವತಿಯ ಇನ್ನೊಂದು ಮುಖ ಮಿಡಿಸೌತೆ. ಉಪ್ಪುನೀರಿನಲ್ಲಿ, ವಿನೆಗರಿನಲ್ಲಿ ಇಟ್ಟು ಹೊರದೇಶಕ್ಕೆ ಕಳಿಸುವ ಈ ಬೆಳೆ 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾಗಿ, ನೆರೆ ರಾಜ್ಯಗಳಿಗೂ ಹಬ್ಬಿತು. ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ನೀಡಿದ ಮಾಹಿತಿಯಂತೆ, 2020-21ರಲ್ಲಿ ಭಾರತ 2,23,515 ಟನ್ ಸವತಿ ಮತ್ತು ಮಿಡಿಸೌತೆ ರಫ್ತು ಮಾಡಿತು, ಮೌಲ್ಯ 22.3 ಕೋಟಿ ಡಾಲರ್. ಜಗತ್ತಿನಲ್ಲಿ ಅತಿ ಹೆಚ್ಚು ರಫ್ತು ಮಾಡುವ ದೇಶವಾಗಿ ಭಾರತ ಹೊರಹೊಮ್ಮಿತು. ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಒಪ್ಪಂದದ ಮೇಲೆ ಬೆಳೆಯುತ್ತಾರೆ ಎಂದು ಅದರಲ್ಲಿದೆ. 90 ದಿನದ ಬೆಳೆ, ವರ್ಷಕ್ಕೆ ಎರಡು ಸಲ. ಎಕರೆಗೆ ಸರಾಸರಿ 4 ಟನ್.

ಸಣ್ಣ ಹಿಡುವಳಿದಾರನಿಗೆ ಇದು ಆಸರೆ, ನಿಜ. ಆದರೆ ಇಲ್ಲಿ ಆಯ್ಕೆಯ ಅಧಿಕಾರ ಯಾರ ಕೈಯಲ್ಲಿದೆ ನೋಡಿ. ಒಂದು ಕಿಲೋಗೆ ಎಷ್ಟು ಕಾಯಿ ತೂಗಬೇಕು, ಒಳಗೆ ಪೊಳ್ಳು ಇರಬಾರದು, ಸಿಪ್ಪೆ ಗಟ್ಟಿಯಿರಬೇಕು, ಉದ್ದ-ದಪ್ಪದ ಪ್ರಮಾಣ ಇಷ್ಟೇ ಇರಬೇಕು ಎಂದು ನಿರ್ಧರಿಸುವುದು ದೂರದ ಗ್ರಾಹಕ. ಬೀಜವನ್ನು ಕಂಪನಿ ಕೊಡುತ್ತದೆ. ಕಾಯಿಯನ್ನು ಮಿಡಿಯಲ್ಲೇ ಕಿತ್ತು ಒಪ್ಪಿಸಬೇಕಾದ್ದರಿಂದ ಬೀಜಕ್ಕೆ ಬಿಡುವ ಮಾತೇ ಇಲ್ಲ. ಸವತಿಯ ತವರಿನ ರೈತ ಸವತಿಯನ್ನು ಬೆಳೆದು ಜಗತ್ತಿಗೆ ಕಳಿಸುತ್ತಾನೆ, ಅದರ ಬೀಜ ಮಾತ್ರ ಅವನದಲ್ಲ.

ಹಕ್ಕೂ ಹೊಣೆಯೂ

ಕಾನೂನು ರೈತನ ಪರವಾಗಿ ಏನನ್ನೂ ಹೇಳಿಲ್ಲವೆಂದಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮಿನಂತೆ ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ತಲೆಮಾರುಗಳಿಂದ ಕಾಪಾಡಿದ ಊರ ತಳಿಯನ್ನು ರೈತರು ಅಥವಾ ಸಮುದಾಯ ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲೂ ಅವಕಾಶವಿದೆ. ಆದರೆ ನೋಂದಾಯಿಸಲು ತಳಿ ಮೊದಲು ಜೀವಂತ ಇರಬೇಕಲ್ಲ!

1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ದೆಹಲಿಯ ತನ್ನ ಬೀಜ ಭಂಡಾರದಲ್ಲಿ ಮೈನಸ್ 18 ಡಿಗ್ರಿ ಚಳಿಯಲ್ಲಿ ದೇಶದ ಬೀಜಗಳನ್ನು ಕಾದಿಡುತ್ತದೆ. ಈಶಾನ್ಯದ ಮಿಜೋರಾಂ, ಮಣಿಪುರದ ಕಡೆ ಕಿತ್ತಳೆ ಬಣ್ಣದ ತಿರುಳಿನ ಸವತಿಗಳನ್ನು ಅಲ್ಲಿನ ವಿಜ್ಞಾನಿಗಳು ಗುರುತಿಸಿದ್ದಾರೆ. ಆ ಬಣ್ಣಕ್ಕೆ ಕಾರಣ ನಮ್ಮ ದೇಹ 'ಎ' ಜೀವಸತ್ವವಾಗಿ ಪರಿವರ್ತಿಸಿಕೊಳ್ಳುವ ಕ್ಯಾರೋಟಿನ್. ಅಲ್ಲಿನ ಬೆಟ್ಟದ ಜನ ಅದನ್ನು ಬಿತ್ತುತ್ತಾ ಬಂದಿದ್ದರಿಂದ ಅದು ಸಿಕ್ಕಿತು.

ನಮ್ಮ ವಿದ್ಯಾರ್ಥಿಗಳಿಗೆ

ಇಷ್ಟೆಲ್ಲ ಓದಿದ ಮೇಲೆ ನಾವೇನು ಮಾಡಬಹುದು? ನಮ್ಮ ಮಗ್ಗುಲಲ್ಲೇ ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ದೂರದ ಊರುಗಳ ಮಕ್ಕಳು ಅದನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಮಕ್ಕಳಿಗೆ ವೈದ್ಯ, ಇಂಜಿನಿಯರ್ ಎಂಬ ಎರಡು ದಾರಿ ಮಾತ್ರ ಕಾಣುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯುವ ರೈತರ ಮಕ್ಕಳಿಗೆ ಕೃಷಿ, ತೋಟಗಾರಿಕೆ ಪದವಿಗಳಲ್ಲಿ ಪ್ರತ್ಯೇಕ ಕೋಟಾ ಇದೆ ಎಂಬುದನ್ನು ಪೋಷಕರು ತಿಳಿದಿರಬೇಕು. ಹೊಲದಲ್ಲಿ ತಾಯಿಯ ಜೊತೆ ಸವತಿ ಕಿತ್ತ ಹುಡುಗಿಗೆ ತಳಿ ವಿಜ್ಞಾನದ ಅರ್ಧ ಪಾಠ ಆಗಲೇ ಬಂದಿರುತ್ತದೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ ಇಲ್ಲಿದೆ. ಬೇವೂರು, ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ನಿಮ್ಮ ಬಂಧುಗಳ ಮನೆಗಳಲ್ಲಿ ಯಾರ ಹತ್ತಿರವಾದರೂ ಊರ ಸವತಿಯ ಬೀಜ ಇದೆಯೇ ಎಂದು ನಾನಿ, ದಾದಿ, ಅವ್ವ, ಅಮ್ಮಂದಿರನ್ನು ಕೇಳಿ. ಇದ್ದರೆ ಹಿಡಿಯಷ್ಟು ಬೇಡಿ ತನ್ನಿ. ಲಕೋಟೆಯ ಮೇಲೆ ಕೊಟ್ಟವರ ಹೆಸರು, ಊರು, ತಿಂಗಳು, ಅವರು ಅದಕ್ಕೆ ಕರೆಯುವ ಹೆಸರು ಬರೆಯಿರಿ. ಶಾಲೆಯ ಅಂಗಳದಲ್ಲಿ ಹತ್ತು ಹದಿನೈದು ಬಳ್ಳಿ ಬೆಳೆಸಿ. ಮುಳ್ಳಿನ ಬಣ್ಣ, ಮೊದಲ ಹೆಣ್ಣು ಹೂವಿನ ಗೆಣ್ಣು, ಕಾಯಿಯ ಉದ್ದ, ತೂಕ, ಕಹಿ ಇದೆಯೋ ಇಲ್ಲವೋ, ಯಾವ ರೋಗ ಬಂದಿತು, ಎಲ್ಲವನ್ನೂ ಒಂದು ವಹಿಯಲ್ಲಿ ದಾಖಲಿಸಿ. ತಳಿ ಕಲಬೆರಕೆಯಾಗದಿರಲು, ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳನ್ನು ಸಂಜೆಯೇ ದಾರದಿಂದ ಹಗುರವಾಗಿ ಕಟ್ಟಿ. ಬೆಳಿಗ್ಗೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ನೂಲು ಸುತ್ತಿ. ಆ ಕಾಯಿ ಬೀಜಕ್ಕೆ. ಒಂದೇ ಬಳ್ಳಿಯ ಬೀಜ ಸಾಲದು, ಆರೋಗ್ಯವಾಗಿರುವ ಹಲವು ಬಳ್ಳಿಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ವೈವಿಧ್ಯ ಉಳಿಯುವುದು ಹಾಗೆ.

ಬೀಜದಲ್ಲಿ ಅರ್ಧ ಪಾಲನ್ನು ಶಾಲೆಯಲ್ಲಿಟ್ಟು, ಉಳಿದರ್ಧವನ್ನು ಕೊಟ್ಟ ಮನೆಗೇ ಮರಳಿ ಒಪ್ಪಿಸಿ, ಇದು ನಿಮ್ಮದು ಎಂದು ಹೇಳಿ ಬನ್ನಿ. ಅಮೆರಿಕದ ದಫ್ತರಿನಲ್ಲಿ ನಮ್ಮ ಬೀಜಕ್ಕೆ ಸಂಖ್ಯೆಯಿದೆ, ಅದನ್ನು ಕಾಪಾಡಿದ ತಾಯಿಯ ಹೆಸರಿಲ್ಲ. ನಿಮ್ಮ ವಹಿಯ ಮೊದಲ ಪುಟದಲ್ಲಿ ಆ ಹೆಸರು ಇರಲಿ.